ಬೆನ್ನಿಗೆ ಸುರಿಯುವ ಉಣ್ಣಿ ಔಷಧಿ: ಬಾಟಲಿಗೆ ನಾಲ್ಕು ಸ್ಟಾರ್, ಚೀಟಿಗೆ ಒಂದೂವರೆ

ಔಷಧಿಗೆ ಐದಕ್ಕೆ ನಾಲ್ಕು. ಅದರ ಜೊತೆ ಬರುವ ಚೀಟಿಗೆ ಒಂದೂವರೆ. ಅಂಗಡಿಯಲ್ಲಿ ಬಾಯಿಮಾತಲ್ಲಿ ಹೇಳುವ ಡೋಸಿಗೆ ಸೊನ್ನೆ. ಅರ್ಜೆಂಟಲ್ಲಿ ಇರುವವರು ಇಷ್ಟು ಓದಿ ಹೋಗಬಹುದು. ಆದರೆ ಔಷಧಿ ಹಾಕಿದ ಮೇಲೂ ತಿಂಗಳೊಪ್ಪತ್ತಿನಲ್ಲಿ ಮತ್ತೆ ಕೆಚ್ಚಲ ತುಂಬ ಉಣ್ಣಿ ಯಾಕೆ ಅಂತ ತಲೆ ಕೆಡಿಸಿಕೊಂಡವರು ಪೂರ್ತಿ ಓದಿ.

ಇದು ಫ್ಲುಮೆಥ್ರಿನ್ ಶೇ. 1ರ ಪೋರ್-ಆನ್. ದನದ ಬೆನ್ನಿನ ಗುಂಟ ಸುರಿಯುವ ಎಣ್ಣೆಯಂಥ ಔಷಧಿ. ಬ್ರ್ಯಾಂಡ್ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಒಳಗಿನ ಸಾಮಾನು ಒಂದೇ, ಡಬ್ಬಿಯ ಬಣ್ಣ ಬೇರೆ. ನಮ್ಮ ಊರು ಸಿಂಧನೂರು ತಾಲ್ಲೂಕು, ತುಂಗಭದ್ರಾ ಎಡದಂಡೆ ಕಾಲುವೆ ನೀರು ಬರುವ ಕಡೆ. ಮನೆಯಲ್ಲಿ ಅಣ್ಣ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಷಿಯನ್ ಅನ್ನೋ ವಿದೇಶಿ ತಳಿ) ಕ್ರಾಸ್ ಆಕಳು, ಎಮ್ಮೆ, ಒಂದು ಜೋಡಿ ಜವಾರಿ ಎತ್ತು ಕಟ್ಟಿದ್ದಾನೆ. ನನ್ನ ಕೆಲಸ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ಮುಗಿದ ಮೇಲಿನ ಸಂಶೋಧನೆ. ಉಣ್ಣಿ ಹೇಗೆ ಹೆಚ್ಚುತ್ತವೆ, ಅವುಗಳಿಂದ ದನಕ್ಕೆ ರೋಗ ಹೇಗೆ ಹರಡುತ್ತದೆ ಅಂತ ಗಣಿತದ ಮಾಡೆಲ್ ಕಟ್ಟುವುದು. ಅವ್ವನಿಗೆ ಇದನ್ನು ವಿವರಿಸಿದಾಗ "ಉಣ್ಣಿ ಲೆಕ್ಕ ಹಾಕಾಕ ಪಗಾರ ಕೊಡ್ತಾರೇನು?" ಅಂದಳು. ಕೊಡುತ್ತಾರೆ, ಸ್ವಲ್ಪ ತಡವಾಗಿ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಬಳಸೋದು ಸುಲಭ. ಸ್ಪ್ರೇ ಆದರೆ ಬಕೆಟ್ಟು, ಪಂಪು, ನೀರು, ದನ ಒದೆಯೋದು, ಹೊಡೆಯುವವನ ಮುಖಕ್ಕೇ ಔಷಧಿ ಸಿಡಿಯೋದು, ಇದೆಲ್ಲ ರಗಳೆ. ಪೋರ್-ಆನ್‌ಗೆ ಒಂದು ಅಳತೆ ಲೋಟ, ಕೈಗೆ ಗ್ಲೌಸ್ ಸಾಕು. ಹೆಗಲಿನಿಂದ ಬಾಲದ ಬುಡದವರೆಗೆ ಬೆನ್ನ ಮೇಲೆ ಒಂದೇ ಗೆರೆಯಾಗಿ ಸುರಿದರೆ ಚರ್ಮದ ಮೇಲಿನ ಜಿಡ್ಡಿನ ಜೊತೆ ತಾನೇ ಹರಡಿಕೊಳ್ಳುತ್ತದೆ. ಕಿವಿಯೊಳಗೆ, ಬಾಲದ ಕೆಳಗೆ, ಕೆಚ್ಚಲ ಸಂದಿಯಲ್ಲಿ ಸ್ಪ್ರೇ ಸರಿಯಾಗಿ ಮುಟ್ಟುವುದೇ ಇಲ್ಲ, ಉಣ್ಣಿ ಗುಂಪಾಗಿ ಕೂರುವುದು ಅಲ್ಲೇ. ನಮ್ಮ ಆಕಳುಗಳಲ್ಲಿ ಮಾರನೇ ದಿನಕ್ಕೇ ಉಣ್ಣಿ ಸೊರಗಿ ಉದುರಲು ಶುರುವಾದವು. ಚರ್ಮ ಕೆಂಪಾಗಲಿಲ್ಲ, ಮೇವು ಬಿಡಲಿಲ್ಲ. ಹಾಲು, ಮಾಂಸಕ್ಕೆ ಎಷ್ಟು ದಿನ ಕಾಯಬೇಕು ಅನ್ನೋದು ಚೀಟಿಯಲ್ಲಿ ಇರುತ್ತದೆ. ಅದನ್ನು ಓದದೆ ಡೇರಿಗೆ ಹಾಲು ಹಾಕಬೇಡಿ.

ಒಂದು ಸ್ಟಾರ್ ಕಡಿಮೆ ಯಾಕೆ? ಎಮ್ಮೆಗೆ ಅಷ್ಟು ಚೆನ್ನಾಗಿ ಕೂರಲಿಲ್ಲ. ಔಷಧಿದೇ ತಪ್ಪು ಅಂತಲ್ಲ, ಎಮ್ಮೆ ಹೋಗಿ ಕಾಲುವೆಯಲ್ಲಿ ಬಿದ್ದುಕೊಂಡರೆ ಯಾವ ಔಷಧಿ ನಿಲ್ಲುತ್ತದೆ ಹೇಳಿ. ಜೊತೆಗೆ ಇದು ಮೀನಿಗೆ ಕಡು ವಿಷ. ಹಾಕಿದ ದಿನ ಎಮ್ಮೆಯನ್ನು ಕಾಲುವೆಗೆ, ಕೆರೆಗೆ ಬಿಡಬೇಡಿ, ಖಾಲಿ ಡಬ್ಬಿಯನ್ನೂ ಅಲ್ಲಿ ತೊಳೆಯಬೇಡಿ. ಬೆನ್ನಿಗೆ ಹೆಂಡಿ ಮೆತ್ತಿಕೊಂಡಿದ್ದರೆ ಮೊದಲು ತಿಕ್ಕಿ ತೊಳೆದು, ಒಣಗಿಸಿ, ಆಮೇಲೆ ಸುರಿಯಬೇಕು. ಮಳೆ ಮೋಡ ಇದ್ದ ದಿನ ಬೇಡ.

ಈಗ ಡೋಸು. ನನಗೆ ಸಿಟ್ಟು ಬಂದದ್ದು ಇಲ್ಲೇ.

ನಾನು ತಂದ ಬಾಟಲಿಯ ಚೀಟಿ ಪ್ರಕಾರ 10 ಕೆ.ಜಿ. ತೂಕಕ್ಕೆ 1 ಮಿ.ಲೀ. ಅಂಗಡಿಯವರು ಹೇಳಿದ್ದು: "ಒಂದ್ ಬಾಟ್ಲಿ ಎರಡು ಮೂರು ಆಕಳಿಗೆ ಆರಾಮ ಆಕ್ಕೈತ್ರಿ ಸರ." ಬಾಟಲಿ 50 ಮಿ.ಲೀ.ದು. ಅಂದರೆ ಒಂದು ಆಕಳಿಗೆ ಸುಮಾರು 17ರಿಂದ 25 ಮಿ.ಲೀ. ಅಷ್ಟು ಸಾಕಾಗಬೇಕಾದರೆ ಆಕಳು 170ರಿಂದ 250 ಕೆ.ಜಿ. ಒಳಗೇ ಇರಬೇಕು. ದೊಡ್ಡ ಎಚ್.ಎಫ್. ಆಕಳು ಎಲ್ಲಿ, 250 ಕೆ.ಜಿ. ಎಲ್ಲಿ! ತೂಕದ ಯಂತ್ರ ಬೇಕಿಲ್ಲ, ಟೈಲರ್ ಟೇಪ್ ಸಾಕು. ಮುಂಗಾಲ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆದುಕೊಳ್ಳಿ. ಭುಜದ ಮೂಳೆಯಿಂದ ಬಾಲದ ಪಕ್ಕದ ಕುಂಡಿ ಮೂಳೆಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕೆ.ಜಿ. ಬರುತ್ತದೆ. ಸುತ್ತಳತೆ 66 ಇಂಚು, ಉದ್ದ 60 ಇಂಚು ಇದ್ದರೆ 396 ಕೆ.ಜಿ. ಅದಕ್ಕೆ 40 ಮಿ.ಲೀ. ಬೇಕು. ಅಂದರೆ ಒಂದು ಬಾಟಲಿ ಒಂದೇ ಆಕಳಿಗೆ, ಉಳಿದದ್ದು ಕರುವಿಗೆ.

ಅರ್ಧ ಡೋಸ್ ಹಾಕಿದರೆ ಅರ್ಧ ಕೆಲಸವಾದರೂ ಆಗುತ್ತದಲ್ಲ ಅಂತ ಅಣ್ಣ ಕೇಳಿದ. ಆಗುವುದು ಅದಕ್ಕಿಂತ ಕೆಟ್ಟದ್ದು. ಮೆತ್ತಗಿನ ಉಣ್ಣಿ ಸಾಯುತ್ತವೆ, ಗಟ್ಟಿ ಉಣ್ಣಿ ಉಳಿದು ಮೊಟ್ಟೆ ಇಡುತ್ತವೆ. ಹೀಗೆ ಕೆಲವು ತಲೆಮಾರು ಕಳೆದರೆ ನಿಮ್ಮ ಕೊಟ್ಟಿಗೆಯಲ್ಲಿ ಗಟ್ಟಿ ತಳಿಯೇ ತುಂಬಿರುತ್ತದೆ. ಭಾರತದ ಹಲವು ಕಡೆ ದನದ ಉಣ್ಣಿಗಳು ಈ ಗುಂಪಿನ ಔಷಧಿಗಳಿಗೆ ಬಗ್ಗದೆ ಇರುವುದು ಪರೀಕ್ಷೆಗಳಲ್ಲಿ ಕಂಡಿದೆ. ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳಲ್ಲ. ಫ್ಲುಮೆಥ್ರಿನ್, ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಮೂರೂ ಒಂದೇ ಕುಟುಂಬದವು. "ಅದು ಕೆಲಸ ಮಾಡಲಿಲ್ಲ, ಇದನ್ನ ಕೊಡ್ರಿ" ಅಂತ ಒಂದರಿಂದ ಇನ್ನೊಂದಕ್ಕೆ ಹಾರಿದರೆ ಡಬ್ಬಿ ಬದಲಾಯಿತು, ಔಷಧಿ ಬದಲಾಗಲಿಲ್ಲ. ನಿಜವಾಗಿ ಬದಲಿಸಬೇಕಾದರೆ ಅಮಿಟ್ರಾಜ್‌ನಂಥ ಬೇರೆ ಗುಂಪಿಗೆ ಹೋಗಬೇಕು, ಅದೂ ಡಾಕ್ಟರ್ ಹೇಳಿದ ಅಳತೆಯಲ್ಲಿ. ಕುದುರೆ ಇದ್ದವರು ಅಮಿಟ್ರಾಜ್ ಹತ್ತಿರ ಸುಳಿಯಬೇಡಿ, ಅದಕ್ಕೆ ಆಗಿಬರುವುದಿಲ್ಲ. ಐವರ್‌ಮೆಕ್ಟಿನ್ ಇಂಜೆಕ್ಷನ್ ಬಗ್ಗೆಯೂ ಕೇಳುತ್ತಾರೆ. ಅದು ಹಾಲಿನಲ್ಲಿ ಬಹಳ ದಿನ ಬರುತ್ತದೆ, ಹಾಲು ಕರೆಯುವ ಆಕಳಿಗೆ ಸುಮ್ನೆ ಚುಚ್ಚಿಸುವಂಥದ್ದಲ್ಲ. ಹತ್ತಿ, ಭತ್ತಕ್ಕೆ ತಂದ ಹೊಲದ ಔಷಧಿಯನ್ನೇ ನೀರಿಗೆ ಹಾಕಿ ದನಕ್ಕೆ ಎರಚುವವರೂ ನಮ್ಮ ಕಡೆ ಇದ್ದಾರೆ. ದಯವಿಟ್ಟು ಬೇಡ.

ಇನ್ನು ಚೀಟಿ. ಇಷ್ಟು ಸಣ್ಣ ಅಕ್ಷರವನ್ನು ಯಾರು ಓದಲಿ ಅಂತ ಅಚ್ಚು ಹಾಕುತ್ತಾರೋ ಗೊತ್ತಿಲ್ಲ. ಇಂಗ್ಲಿಷು, ಹಿಂದಿ ಇದೆ, ಕನ್ನಡ ಇಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಇಷ್ಟು ಮಾಲು ಮಾರುವವರಿಗೆ ನಾಲ್ಕು ಸಾಲು ಕನ್ನಡ ಹಾಕೋದು ಭಾರ ಅಲ್ಲ, ಅಲ್ವಾ? ಅದಿರಲಿ. ನನ್ನ ದೊಡ್ಡ ತಕರಾರು ಬೇರೆ: ಯಾವಾಗ ಹಾಕಬೇಕು ಅನ್ನೋದಕ್ಕೆ "ಅಗತ್ಯ ಬಿದ್ದಾಗ ಮತ್ತೆ ಹಾಕಿ" ಅಂತ ಬರೆದು ಕೈ ತೊಳೆದುಕೊಂಡಿದ್ದಾರೆ. ಅಗತ್ಯ ಬಿದ್ದದ್ದು ರೈತನಿಗೆ ಹೇಗೆ ಗೊತ್ತಾಗಬೇಕು? ಉಣ್ಣಿ ಕಂಡಾಗ, ಅಷ್ಟೇ. ಕಣ್ಣಿಗೆ ಕಾಣುವ ಹೊತ್ತಿಗೆ ಆಟ ಮುಗಿದಿರುತ್ತದೆ.

ಯಾಕೆ ಅಂತ ಕೇಳಿ. ನಮ್ಮ ದನಗಳಿಗೆ ಜಾಸ್ತಿ ಹತ್ತುವುದು ಎರಡು ಜಾತಿ. ಒಂದು ರೈಪಿಸೆಫಾಲಸ್ ಮೈಕ್ರೊಪ್ಲಸ್. ಇದು ಮರಿಯಾಗಿ ದನದ ಮೈ ಹತ್ತಿದರೆ ಅದೇ ದನದ ಮೇಲೆ ಎರಡು ಸಲ ಪೊರೆ ಬಿಟ್ಟು ದೊಡ್ಡದಾಗಿ, ಸುಮಾರು ಮೂರು ವಾರಕ್ಕೆ ರಕ್ತ ತುಂಬಿಕೊಂಡು ಕೆಳಗೆ ಬೀಳುತ್ತದೆ. ಮೊದಲ ಎರಡು ವಾರ ಅದು ರಾಗಿಕಾಳಿಗಿಂತ ಚಿಕ್ಕದಿಂದ ಎಳ್ಳುಕಾಳಿನಷ್ಟು. ಯಾರ ಕಣ್ಣಿಗೂ ಬೀಳಲ್ಲ. ನಾವು ಬೆಚ್ಚಿ ಬೀಳುವ ಆ ಔಡಲಕಾಳಿನಂಥ ಬೂದಿ ಬಣ್ಣದ ಉಣ್ಣಿ ಇದೆಯಲ್ಲ, ಅದು ಹೆಣ್ಣು, ಅದೂ ಕೊನೆಯ ಒಂದು ದಿನದಲ್ಲಿ ಗಬಗಬ ರಕ್ತ ಕುಡಿದು ಉಬ್ಬಿದ್ದು. ನಾಳೆ ಬೆಳಗ್ಗೆ ಅದು ತಾನೇ ಉದುರುತ್ತದೆ. ರಾತ್ರಿಯಿಡೀ ದನ ಕಟ್ಟಿದ ಕೊಟ್ಟಿಗೆಯಲ್ಲೇ, ಗೋದಲಿ ಬುಡದಲ್ಲೇ. ಆಮೇಲೆ ಎರಡು ಮೂರು ಸಾವಿರ ಮೊಟ್ಟೆ ಇಟ್ಟು ಸಾಯುತ್ತದೆ. ಇವತ್ತು ನೀವು ಔಷಧಿ ಸುರಿದರೆ ಮೈಮೇಲೆ ಇರುವವು ಸಾಯುತ್ತವೆ, ನಿನ್ನೆ ಮೊನ್ನೆ ಬಿದ್ದವು ನಿಶ್ಚಿಂತೆಯಾಗಿ ಮೊಟ್ಟೆ ಇಡುತ್ತಿರುತ್ತವೆ. ಯಾವುದೇ ಹೊತ್ತಿನಲ್ಲಿ ನೋಡಿದರೂ ಒಟ್ಟು ಉಣ್ಣಿಗಳಲ್ಲಿ ಶೇ. 95ರಷ್ಟು ದನದ ಮೈಮೇಲೆ ಇರುವುದೇ ಇಲ್ಲ, ನೆಲದಲ್ಲಿ ಮೊಟ್ಟೆ, ಮರಿಯಾಗಿ ಇರುತ್ತವೆ ಅಂತ ನಮ್ಮ ಕ್ಷೇತ್ರದಲ್ಲಿ ಹೇಳುವ ಮಾತು.

ಮಾಡೆಲ್ ಅಂದರೆ ಇಷ್ಟನ್ನೇ ಲೆಕ್ಕಕ್ಕೆ ಇಳಿಸುವುದು. ಮೊಟ್ಟೆ, ಮರಿ, ಎಳೆ ಉಣ್ಣಿ, ದೊಡ್ಡ ಉಣ್ಣಿ ಅಂತ ನಾಲ್ಕು ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಎಷ್ಟು ಹೋಗುತ್ತವೆ, ದಾರಿಯಲ್ಲಿ ಎಷ್ಟು ಸಾಯುತ್ತವೆ, ಅದು ಬಿಸಿಲಿಗೆ, ತೇವಕ್ಕೆ ಹೇಗೆ ಬದಲಾಗುತ್ತದೆ. ಪೂರ್ತಿ ಮಾಡೆಲ್ ಇಲ್ಲಿ ಬೇಡ, ಆದರೆ ಔಷಧಿ ಕೊಳ್ಳುವವರಿಗೆ ಒಂದು ಸಣ್ಣ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಉದಾಹರಣೆಗೆ ಅಂತ ಹಿಡಿಯಿರಿ: ಒಂದು ಹೆಣ್ಣು 3000 ಮೊಟ್ಟೆ ಇಟ್ಟಿತು, ಸಾವಿರಕ್ಕೆ ಒಂದು ಮಾತ್ರ ಮತ್ತೆ ಮೊಟ್ಟೆ ಇಡುವ ಹೆಣ್ಣಾಗಿ ಬೆಳೆಯಿತು. ಅಂದರೆ ಒಂದಕ್ಕೆ ಮೂರು. ಮುಂದಿನ ತಲೆಮಾರಿಗೆ ಒಂಬತ್ತು, ಆಮೇಲೆ ಇಪ್ಪತ್ತೇಳು. ಬಿಸಿ, ತೇವ ಎರಡೂ ಇರುವ ಕಾಲದಲ್ಲಿ ಒಂದು ತಲೆಮಾರಿಗೆ ಸುಮಾರು ಎರಡು ತಿಂಗಳು ಸಾಕು. ಈಗ ಶೇ. 90 ಉಣ್ಣಿ ಕೊಲ್ಲುವ ಒಳ್ಳೆಯ ಔಷಧಿ ತಂದಿರಿ. ಹುಟ್ಟಿದ ಮರಿಗಳಲ್ಲಿ ಅರ್ಧಕ್ಕೆ ಮಾತ್ರ ಔಷಧಿ ತಾಗಿತು, ಉಳಿದರ್ಧ ಔಷಧಿಯ ಕಸುವು ಇಳಿದ ಮೇಲೆ ದನದ ಮೈ ಹತ್ತಿದವು. ಆಗ ಒಂದಕ್ಕೆ 1.65. ಅಂದರೆ ದುಡ್ಡು ಸುರಿದ ಮೇಲೂ ಉಣ್ಣಿ ಹೆಚ್ಚುತ್ತಲೇ ಇವೆ! ಅದೇ ಔಷಧಿ ಹತ್ತರಲ್ಲಿ ಒಂಬತ್ತು ಭಾಗಕ್ಕೆ ತಾಗುವ ಹಾಗೆ ಹಾಕಿದರೆ ಒಂದಕ್ಕೆ 0.57. ಒಂದಕ್ಕಿಂತ ಕೆಳಗೆ ಬಂತು ಅಂದರೆ ಸಂತಾನ ಇಳಿಯುತ್ತಾ ಹೋಗುತ್ತದೆ. ಔಷಧಿ ಅದೇ, ಬಾಟಲಿ ಅದೇ. ಬದಲಾದದ್ದು ಯಾವಾಗ, ಎಷ್ಟು ದನಕ್ಕೆ ಅನ್ನುವುದು ಮಾತ್ರ.

ಆದ್ದರಿಂದ ನಾವು ಮಾಡಿದ್ದು ಇಷ್ಟು. ಕೊಟ್ಟಿಗೆಯ ಎಲ್ಲ ದನಕ್ಕೂ ಒಂದೇ ದಿನ. ಎತ್ತಿಗೆ ಉಣ್ಣಿ ಕಾಣುತ್ತಿಲ್ಲ ಅಂತ ಬಿಡಲಿಲ್ಲ. ಜವಾರಿ ದನದ ಚರ್ಮ ಉಣ್ಣಿಗೆ ಅಷ್ಟು ಸುಲಭವಾಗಿ ಬಿಟ್ಟುಕೊಡಲ್ಲ, ಆದರೆ ಪೂರ್ತಿ ತಡೆಯುವುದೂ ಇಲ್ಲ. ಮೂರು ವಾರ ತುಂಬುವ ಮೊದಲೇ, ಉಣ್ಣಿ ಕಾಣಲಿ ಬಿಡಲಿ, ಎರಡನೇ ಸಲ. ಆಮೇಲೆ ಡಾಕ್ಟರನ್ನು ಕೇಳಿ ಮೂರನೇ ಸಲ. ಇದೇನೂ ಹೊಸ ಜ್ಞಾನ ಅಲ್ಲ. 1893ರಲ್ಲಿ ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ ದನದ ಟೆಕ್ಸಾಸ್ ಜ್ವರ ಉಣ್ಣಿಯಿಂದ ಬರುತ್ತದೆ ಅಂತ ತೋರಿಸಿದರು. 1906ರಲ್ಲಿ ಅಲ್ಲಿನ ಸರ್ಕಾರ ಶುರು ಮಾಡಿದ ಕಾರ್ಯಕ್ರಮದಲ್ಲಿ ದನಗಳನ್ನು ಔಷಧಿ ತೊಟ್ಟಿಯಲ್ಲಿ ತಪ್ಪದೆ ಮುಳುಗಿಸಿ ಎಬ್ಬಿಸುತ್ತಿದ್ದರು. ಮೂರು ವಾರದ ಚಕ್ರ ಮುಗಿಯಲು ಬಿಡಬಾರದು ಅನ್ನುವುದೇ ಅದರ ಹಿಂದಿನ ಲೆಕ್ಕ. 1943ರ ಹೊತ್ತಿಗೆ ಮೆಕ್ಸಿಕೊ ಗಡಿಯ ಪಟ್ಟಿ ಬಿಟ್ಟು ಬೇರೆಡೆ ಆ ಉಣ್ಣಿಯನ್ನು ಓಡಿಸಿದ್ದರು. ಆಗ ಬಳಸಿದ್ದು ಆರ್ಸೆನಿಕ್, ಅದನ್ನು ನಾವು ಕಲಿಯಬೇಕಿಲ್ಲ. ಕ್ಯಾಲೆಂಡರ್ ಹಿಡಿದದ್ದನ್ನು ಕಲಿಯಬಹುದು.

ಎರಡನೇ ಜಾತಿ ಹಯಲೊಮ್ಮ. ಕಾಲಿಗೆ ಪಟ್ಟೆ ಇರುವ, ಚುರುಕಾಗಿ ಓಡುವ ಉಣ್ಣಿ. ಇದರ ದಾರಿ ಬೇರೆ. ರಕ್ತ ಕುಡಿದು ಬಿದ್ದು, ಕೊಟ್ಟಿಗೆ ಗೋಡೆಯ ಬಿರುಕಿನಲ್ಲಿ ಹೊಕ್ಕು ಪೊರೆ ಬಿಟ್ಟು, ದೊಡ್ಡದಾಗಿ ಮತ್ತೆ ದನ ಹುಡುಕಿಕೊಂಡು ಬರುತ್ತದೆ. ಬೆನ್ನಿಗೆ ಎಷ್ಟು ಸುರಿದರೂ ಗೋಡೆಯೊಳಗೆ ಇರುವುದಕ್ಕೆ ಏನಾಗಬೇಕು? ಎಚ್.ಎಫ್. ಆಕಳನ್ನು ಕೊಲ್ಲುವ ಥೈಲೇರಿಯಾ ತರುವುದು ಇದೇ. ಎಳೆಯದಿದ್ದಾಗ ರೋಗದ ದನದಿಂದ ಸೋಂಕು ಕುಡಿದು, ದೊಡ್ಡದಾದ ಮೇಲೆ ಇನ್ನೊಂದಕ್ಕೆ ಕೊಡುತ್ತದೆ. ಎಮ್ಮೆಯ ಮೈಯಲ್ಲಿ ಈ ರೋಗಾಣು ಸದ್ದಿಲ್ಲದೆ ಇರಬಲ್ಲದು, ಹಾಗಾಗಿ ಎಮ್ಮೆಯನ್ನು ಲೆಕ್ಕದಿಂದ ಬಿಡಬೇಡಿ. ನಮ್ಮ ಮನೆಯಲ್ಲಿ ಔಷಧಿಗಿಂತ ಜಾಸ್ತಿ ಕೆಲಸ ಮಾಡಿದ್ದು ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತಿಸಿದ್ದು ಅಂತ ನನ್ನ ಅನಿಸಿಕೆ. ಮಣ್ಣಿನ ಗೋಡೆ, ಕಲ್ಲು ಸಂದಿ ಇರುವ ಹಳೇ ಕೊಟ್ಟಿಗೆಯವರು ಬಾಟಲಿಗೆ ಮೊದಲು ಗಾರೆ ಕೆಲಸದವರನ್ನು ಕರೆಯಿರಿ. ಜವಾರಿ ಕೋಳಿ ಬಿಟ್ಟರೆ ಅವೂ ಉಣ್ಣಿ ಹೆಕ್ಕಿ ತಿನ್ನುತ್ತವೆ, ಆದರೆ ಔಷಧಿ ಹಾಕಿದ ದಿನಗಳಲ್ಲಿ ಕೋಳಿಯನ್ನು ದೂರ ಇಡಿ.

ನಮ್ಮ ಬೇಸಿಗೆಯ ಬಿಸಿಲು ಉಣ್ಣಿಯನ್ನು ಸಾಯಿಸಲ್ವಾ ಅಂತ ಕೇಳುವವರಿದ್ದಾರೆ. ಬಯಲಲ್ಲಿ ಸಾಯಿಸುತ್ತದೆ. 40 ಡಿಗ್ರಿ ದಾಟಿದ ಒಣ ನೆಲದ ಮೇಲೆ ಮೊಟ್ಟೆ ಒಣಗಿ ಹೋಗುತ್ತದೆ. ಕೊಪ್ಪಳದ ಕುಷ್ಟಗಿ ಕಡೆಯ ಬರಡು ಹೊಲದಲ್ಲಿ ಇದು ನಡೆಯುತ್ತದೆ. ಸಿಂಧನೂರು, ಗಂಗಾವತಿ, ಕಾರಟಗಿಯ ನೀರಾವರಿ ಊರುಗಳಲ್ಲಿ, ಅದರಲ್ಲೂ ಮೂತ್ರ ಹರಿದು ಸದಾ ತೇವ ಇರುವ ಕೊಟ್ಟಿಗೆಯಲ್ಲಿ, ಹೊರಗಿನ ಬಿಸಿಲಿಗೆ ಬೆಲೆ ಇಲ್ಲ. ನನ್ನ ಮಾಡೆಲ್‌ನಲ್ಲಿ ನನ್ನನ್ನು ಕಾಡುವುದೂ ಇದೇ. ಹವಾಮಾನ ಕೇಂದ್ರದ ಅಂಕಿ ಹಾಕಿದರೆ ಮೇ ತಿಂಗಳಲ್ಲಿ ಉಣ್ಣಿ ಇರಲೇಬಾರದು. ಅಣ್ಣನ ಕೊಟ್ಟಿಗೆಯಲ್ಲಿ ಗೋದಲಿ ಕೆಳಗೆ ಕೈ ಹಾಕಿದರೆ ಇರುತ್ತವೆ.

ಒಂದು ಎಚ್ಚರಿಕೆ, ಕೇಳಲು ವಿಚಿತ್ರ ಅನ್ನಿಸಬಹುದು. ಬಬೇಸಿಯಾ ಅನ್ನೋ ಇನ್ನೊಂದು ಉಣ್ಣಿ ರೋಗ ಇದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುವಂಥದ್ದು. ಇದು ತಾಯಿ ಉಣ್ಣಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತದೆ. ಎಳೆ ಕರುಗಳಿಗೆ ಈ ರೋಗ ತಗುಲಿದರೆ ಸಾಮಾನ್ಯವಾಗಿ ಜೋರಾಗಿ ಕಾಡಲ್ಲ, ಆಮೇಲೆ ತಡೆಯುವ ಶಕ್ತಿ ಉಳಿಯುತ್ತದೆ. 1972ರಲ್ಲಿ ಆಸ್ಟ್ರೇಲಿಯಾದ ಮಹೋನಿ ಮತ್ತು ರಾಸ್ ಇದನ್ನೇ ಲೆಕ್ಕಕ್ಕೆ ಇಳಿಸಿದರು. ಉಣ್ಣಿ ಬಹಳ ಇದ್ದರೆ ಎಲ್ಲ ಕರುಗಳಿಗೂ ಚಿಕ್ಕಂದಿನಲ್ಲೇ ತಗುಲಿ ರೋಗ ಕಡಿಮೆ ಕಾಣುತ್ತದೆ, ಉಣ್ಣಿ ಬಹಳ ಕಮ್ಮಿ ಇದ್ದರೆ ರೋಗವೇ ಇರುವುದಿಲ್ಲ, ಅಪಾಯ ಇರುವುದು ನಡುವೆ. ಅರೆಬರೆ ಔಷಧಿ ಹಾಕಿ ಆ ನಡುವಿನ ಮಟ್ಟಕ್ಕೆ ತಂದು ನಿಲ್ಲಿಸಿದರೆ ದೊಡ್ಡ ದನಗಳು ಮೊದಲ ಸಲ ರೋಗಕ್ಕೆ ಸಿಕ್ಕುತ್ತವೆ. ಬೇರೆ ಊರಿನಿಂದ ತಂದ ಆಕಳಿಗೂ ಇದೇ ಗತಿ. ಸಂತೆಯಿಂದ ತಂದ ದನವನ್ನು ಉಳಿದವುಗಳ ಜೊತೆ ಕಟ್ಟುವ ಮೊದಲು ಔಷಧಿ ಹಾಕಿ ಬೇರೆ ಇಡಿ, ಜ್ವರ ನೋಡುತ್ತಿರಿ.

ಔಷಧಿ ಹಾಕಿದ್ದೇನೆ, ಇನ್ನು ರೋಗ ಬರಲ್ಲ ಅನ್ನುವ ಧೈರ್ಯವೂ ಬೇಡ. 104, 105 ಡಿಗ್ರಿ ಜ್ವರ, ಭುಜದ ಮುಂದೆ ಗಡ್ಡೆಯಂಥ ಊತ, ಕಣ್ಣಿನ ಒಳಪೊರೆ ಬಿಳಚಿಕೊಳ್ಳುವುದು, ಹಾಲು ದಿಢೀರ್ ಇಳಿಯುವುದು, ಇವುಗಳಲ್ಲಿ ಯಾವುದು ಕಂಡರೂ ಅಂಗಡಿಗೆ ಹೋಗಬೇಡಿ, ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಅಥವಾ ಡಾಕ್ಟರನ್ನು ಕರೆಸಿ ರಕ್ತ ನೋಡಿಸಿ. ಥೈಲೇರಿಯಾಕ್ಕೆ ಬುಪಾರ್ವಕ್ವೋನ್, ಬಬೇಸಿಯಾಕ್ಕೆ ಡಿಮಿನಾಜಿನ್, ಅನಪ್ಲಾಸ್ಮಾ ಅನ್ನೋ ಮೂರನೇ ಉಣ್ಣಿ ರೋಗಕ್ಕೆ ಆಕ್ಸಿಟೆಟ್ರಾಸೈಕ್ಲಿನ್. ಮೂರು ರೋಗಕ್ಕೆ ಮೂರು ಔಷಧಿ, ಊಹೆಯ ಮೇಲೆ ಚುಚ್ಚಿಸಿದರೆ ದಿನ ಹಾಳು, ಆಕಳೂ ಹೋಗುತ್ತದೆ. ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಜಿಲ್ಲಾವಾರು ದನದ ರೋಗಗಳ ಮುನ್ಸೂಚನೆಯನ್ನು ಎರಡು ತಿಂಗಳು ಮೊದಲೇ ಕೊಡುತ್ತದೆ. ಅದರಲ್ಲಿ ಬಬೇಸಿಯಾ, ಥೈಲೇರಿಯಾ ಎರಡೂ ಇವೆ. ನೋಡುವ ಅಭ್ಯಾಸ ಮಾಡಿಕೊಳ್ಳಿ. ಜಿಲ್ಲೆ ಅಂದರೆ ದೊಡ್ಡದು, ನಿಮ್ಮ ಕೊಟ್ಟಿಗೆಯ ಮಾತು ಅದರಲ್ಲಿ ಸಿಗಲ್ಲ, ಆದರೆ ಎರಡನೇ ಬಾಟಲಿ ಯಾವ ತಿಂಗಳಿಗೆ ಇಟ್ಟುಕೊಳ್ಳಬೇಕು ಅನ್ನೋದಕ್ಕೆ ಸಾಕು.

ಕೈಯಿಂದ ಉಣ್ಣಿ ಕಿತ್ತು ಉಗುರಲ್ಲಿ ಹಿಸುಕುವುದನ್ನು ಮಾತ್ರ ಬಿಟ್ಟುಬಿಡಿ. ಹಯಲೊಮ್ಮ ಉಣ್ಣಿಯಿಂದ ಮನುಷ್ಯರಿಗೆ ಬರುವ ಕ್ರಿಮಿಯನ್ ಕಾಂಗೋ ಜ್ವರ 2011ರಲ್ಲಿ ಗುಜರಾತಿನಲ್ಲಿ ಕಾಣಿಸಿಕೊಂಡು ಜೀವ ತೆಗೆದಿದೆ. ನಮ್ಮಲ್ಲಿ ಮಲೆನಾಡಿನ ಮಂಗನ ಕಾಯಿಲೆ ಎಲ್ಲರಿಗೂ ಗೊತ್ತು, ಅದು ಬೇರೆ ಉಣ್ಣಿ, ಬೇರೆ ವೈರಸ್, ಬಯಲುಸೀಮೆಯ ಕೊಟ್ಟಿಗೆಗೆ ಅದನ್ನು ತಂದು ಹೆದರಿಸುವುದು ಬೇಡ. ಆದರೂ ಗ್ಲೌಸ್ ಹಾಕಿ, ಕಿತ್ತದ್ದನ್ನು ಸೀಮೆಎಣ್ಣೆ ಡಬ್ಬಿಗೆ ಹಾಕಿ.

ಮತ್ತೆ ಕೊಳ್ಳುತ್ತೇನಾ? ಕೊಳ್ಳುತ್ತೇನೆ, ಆದರೆ 50 ಮಿ.ಲೀ. ಬಾಟಲಿ ಅಲ್ಲ. ದೊಡ್ಡ ಕ್ಯಾನ್‌ನಲ್ಲಿ ಮಿ.ಲೀ. ಲೆಕ್ಕಕ್ಕೆ ಅಗ್ಗ ಬೀಳುತ್ತದೆ. ನಮ್ಮ ಓಣಿಯ ದನಗಳೆಲ್ಲ ಕೊಯ್ಲಾದ ಮೇಲೆ ಒಂದೇ ಭತ್ತದ ಗದ್ದೆಯಲ್ಲಿ ಮೇಯುತ್ತವೆ, ನಾವೊಬ್ಬರೇ ಹಾಕಿದರೆ ಮೇಲಿನ ಲೆಕ್ಕದ ಹತ್ತರಲ್ಲಿ ಒಂಬತ್ತು ಎಂದೂ ಬರಲ್ಲ. ಪಕ್ಕದ ಮನೆಯ ಮಾಮಾ, ಎದುರು ಮನೆಯ ಬಸಣ್ಣ ಕಾಕಾ ಮತ್ತು ನಾವು ಸೇರಿ ತರಿಸುವುದು ಅಂತ ಮಾತಾಗಿದೆ. ಮಾಮಾ ಒಪ್ಪಿದ್ದಾರೆ. ಬಸಣ್ಣ ಕಾಕಾ ಮಾತ್ರ "ನಮ್ಮ ಎಮ್ಮಿಗೆ ಉಣ್ಣಿನ ಇಲ್ಲಲ್ಲೋ" ಅನ್ನುತ್ತಿದ್ದಾರೆ. ಟಾರ್ಚ್ ಹಿಡಿದು ಬಾಲದ ಕೆಳಗೆ ತೋರಿಸಬೇಕು.